ತಗ್ಗಿಸಿಟ್ಟ ಕುರ್ಚಿ

ಹಾಸಿಗೆಯಿಂದ ಏಳುವ ಮೊದಲು ದೊಡ್ಡವನು ತನ್ನ ಬಲಗಾಲನ್ನು ಮಾತಾಡಿಸಿ ನೋಡುತ್ತಿದ್ದ. ಹೆಬ್ಬೆರಳನ್ನು ಒಂಚೂರು ಮೇಲೆತ್ತು, ಒಂಚೂರು ಇಳಿಸು. ಬೆರಳು ಮಾತು ಕೇಳಿದರೆ ಆ ದಿನ ಹೇಗೋ ದಾಟುತ್ತದೆ. ಕೇಳದಿದ್ದರೆ ಸೊಂಟದಿಂದ ಹೊರಟ ಕಾದ ತಂತಿಯೊಂದು ಕುಂಡಿಯೊಳಗೆ ಹಾದು, ತೊಡೆಯ ಹಿಂಬದಿಯನ್ನು ಸೀಳಿಕೊಂಡು, ಮೀನಖಂಡದ ಪಕ್ಕದಲ್ಲಿ ಇಳಿದು, ಪಾದದ ತುದಿಯಲ್ಲಿ ಚಟ್ಟೆಂದು ಸಿಡಿಯುತ್ತದೆ. ದಿನವಿಡೀ, ತನಗೆ ಇಷ್ಟ ಬಂದಾಗ.

ಇವತ್ತು ಬೆರಳು ಕದಲಲಿಲ್ಲ.

"ನೆಂಟ ಎದ್ನಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ನನಗಿಂತ ಮುಂಚೆ ಎದ್ದು ಕೂತಿದ್ದಾನೆ."

ನೋವಿಗೆ ಆ ಹೆಸರಿಟ್ಟವಳು ಅವಳೇ. ಕರೆಯದೆ ಬಂದವನು, ಹೊರಡುವ ಮಾತೆತ್ತದವನು, ಮನೆಯವರು ದಣಿದು ಮಲಗುವ ಹೊತ್ತಿಗೆ ಸರಿಯಾಗಿ ಮಾತು ಶುರು ಮಾಡುವವನು, ನೆಂಟನಲ್ಲದೆ ಮತ್ತೇನು? ಅವನು ಬಂದದ್ದೂ ಒಂದು ಸೀನಿನ ಜೊತೆ. ದೊಡ್ಡವನು ಸಿಂಕಿನ ಮೇಲೆ ಬಗ್ಗಿ ಮುಖ ತೊಳೆಯುತ್ತಿದ್ದ, ಸೀನು ಬಂತು, ಸೊಂಟದಲ್ಲಿ ಏನೋ ಜಾರಿತು. ಅಷ್ಟೇ. ಭಾರ ಎತ್ತಿದ್ದರೆ, ಬಿದ್ದಿದ್ದರೆ, ಹೇಳಿಕೊಳ್ಳಲಾದರೂ ಒಂದು ಕಥೆ ಇರುತ್ತಿತ್ತು.

ಗಂಡ ಹೆಂಡತಿ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಗೆ ಸರಿದು ನರವನ್ನು ಒತ್ತುತ್ತಿದೆ, ಇದಕ್ಕೆ ಸಯಾಟಿಕಾ ಅಂತಾರೆ ಎಂದು ಡಾಕ್ಟರು ಪ್ಲಾಸ್ಟಿಕ್ಕಿನ ಬೆನ್ನೆಲುಬೊಂದನ್ನು ಬಗ್ಗಿಸಿ ತೋರಿಸಿದ್ದರು. ಬಗ್ಗಬಾರದು. ತುಂಬಾ ಹೊತ್ತು ನಿಲ್ಲಬಾರದು. ತುಂಬಾ ಹೊತ್ತು ಕೂರಲೂಬಾರದು.

"ಹಾಗಾದ್ರೆ ಇವರನ್ನ ಗೋಡೆಗೆ ನೇತು ಹಾಕ್ಲಾ ಡಾಕ್ಟ್ರೇ?" ಎಂದು ಹೆಂಡತಿ ಕೇಳಿದ್ದಳು. ಡಾಕ್ಟರು ನಕ್ಕು, ಕೆಲಸ ಏನು ಮಾಡ್ತಾರೆ ಎಂದಿದ್ದರು. ಕ್ಷೌರದಂಗಡಿ ಎಂದ ಕೂಡಲೇ ಅವರ ನಗು ಅರ್ಧಕ್ಕೆ ನಿಂತಿತ್ತು.

ಕೊಟ್ಟ ಮಾತ್ರೆಗಳಲ್ಲಿ ಒಂದು ಮಂಪರು ತರುತ್ತಿತ್ತು. ಅದನ್ನು ದೊಡ್ಡವನು ಹಗಲು ಮುಟ್ಟುತ್ತಿರಲಿಲ್ಲ. ಹಗಲಲ್ಲಿ ಅವನ ಕೈಯಲ್ಲಿ ಕತ್ತಿ ಇರುತ್ತಿತ್ತು.

ಹೆಂಡತಿ ಬಂದು ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಕಾಲುಚೀಲವನ್ನು ಸುರುಳಿ ಮಾಡಿ, ಮಗುವಿಗೆ ಹಾಕುವಂತೆ ಬೆರಳುಗಳಿಂದ ಮೇಲಕ್ಕೆ ಬಿಡಿಸುತ್ತಾ ಬಂದಳು. ಕಿರುಬೆರಳ ಪಕ್ಕ ಗಿಲ್ಲಿದಳು.

"ಗೊತ್ತಾಯ್ತಾ?"

"ಏನು?"

"ಗಿಲ್ಲಿದೆ."

ಅವಳು ಬೂಟಿನ ದಾರ ಕಟ್ಟುತ್ತಾ ಮುಖ ಎತ್ತದೆ ಹೇಳಿದಳು. "ಇವತ್ತು ರೇಡಿಯೋ ಮಾವ ಬರೋ ದಿನ."

"ಗೊತ್ತು."

"ನಿಮ್ಮ ತಮ್ಮ ಚಿಕ್ಕವನಿಗೆ ಹೇಳ್ಬಿಡಿ."

"ಹೇಳ್ತೀನಿ."

"ಯಾವಾಗ? ಆ ಮನುಷ್ಯನ ಕುತ್ತಿಗೆಯಿಂದ ರಕ್ತ ಹರಿದ ಮೇಲಾ?"

"ಕಟ್ಟಿದ್ದಾಯ್ತಾ ದಾರ?" ಎಂದು ಅವನು ಎದ್ದ. ಎದ್ದ ಎಂದರೆ, ಮೇಜನ್ನು ಹಿಡಿದು, ಎಡಕ್ಕೆ ವಾಲಿ, ಉಸಿರು ಕಟ್ಟಿ, ತನ್ನನ್ನು ತಾನೇ ಕಂತುಕಂತಾಗಿ ಮೇಲಕ್ಕೆ ಸಾಗಿಸಿದ.

ರೇಡಿಯೋ ಮಾವ ನಿಜವಾದ ಮಾವನಲ್ಲ, ಅಪ್ಪನ ಸ್ನೇಹಿತ. ಕೆಲಸದಲ್ಲಿದ್ದಷ್ಟು ಕಾಲ ರೇಡಿಯೋ ರಿಪೇರಿ ಮಾಡಿದವರು. ಆ ಹೆಸರು ಮಾತ್ರ ಬಾಯಿಂದ ಬಂದದ್ದು, ಅದಕ್ಕೆ ಆಫ್ ಮಾಡುವ ಗುಂಡಿ ಇರಲಿಲ್ಲ. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ಅಂದಿನಿಂದ ಅವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರು. ಬೇರೆಯವರಿಗೆ ಪಟಿಕದ ಕಲ್ಲು ಒತ್ತಿದರೆ ನಿಲ್ಲುವ ಗೀರು, ಅವರಿಗೆ ಆಸ್ಪತ್ರೆಯ ದಾರಿ. ಕ್ಷೌರದ ಕತ್ತಿ ಹತ್ತಿರವೂ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಗಳು ಬ್ಯಾಟರಿಯ ಮಷೀನು ತಂದುಕೊಟ್ಟಿದ್ದಳು. ಅದರಲ್ಲಿ ಗಡ್ಡ ಹೋಗುತ್ತದೆ, ಶೇವ್ ಆಗುವುದಿಲ್ಲ ಎಂಬುದು ಅವರ ವಾದ. ವಾರಕ್ಕೊಮ್ಮೆ ತರಕಾರಿ ತರುವ ನೆಪದಲ್ಲಿ, ಕೈಯಲ್ಲಿ ಖಾಲಿ ಚೀಲ ಹಿಡಿದು, ದೊಡ್ಡವನ ಕುರ್ಚಿಗೆ ಬಂದು ಕೂರುತ್ತಿದ್ದರು. ದೊಡ್ಡವನದೇ ಕೈ ಆಗಬೇಕು. ಆ ಕೈ ಇದುವರೆಗೆ ಅವರ ಚರ್ಮಕ್ಕೆ ಒಂದು ಗೀರು ಹಾಕಿರಲಿಲ್ಲ.

ಅಂಗಡಿಗೆ ಒಂದು ಕಟ್ಟಳೆ ಇತ್ತು, ಅಪ್ಪ ಮಾಡಿದ್ದು. ಯಾರ ಕೈಯಿಂದ ಗಿರಾಕಿಗೆ ರಕ್ತ ಬರುತ್ತದೋ ಅವರು ಆ ಕ್ಷಣವೇ ಕತ್ತಿಯನ್ನು ಇನ್ನೊಬ್ಬರಿಗೆ ಕೊಡಬೇಕು. ಆ ದಿನಕ್ಕೆ ಕತ್ತರಿ ಮಾತ್ರ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಒಂದು ದಿನ ಗಿರಾಕಿಯ ಗಲ್ಲದಲ್ಲಿ ಕೆಂಪು ಚುಕ್ಕೆ ಎದ್ದಿತು. ಅಪ್ಪ ಕತ್ತಿ ಒರೆಸಿ ಮಡಚಿ ದೊಡ್ಡವನ ಕೈಗಿಟ್ಟು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ಮಾರನೆಯ ದಿನವೂ ಅಲ್ಲೇ ಕೂತರು. ಆಮೇಲೆ ಅಲ್ಲಿಂದ ಏಳಲೇ ಇಲ್ಲ. ಅಂಗಡಿಗೆ ಬಂದವರು ಅವರಿಗೆ ನಮಸ್ಕಾರ ಹೇಳಿ ಪಕ್ಕದಲ್ಲಿ ಚೀಲ ಇಡುತ್ತಿದ್ದರು. ಕೊನೆಕೊನೆಗೆ ನಮಸ್ಕಾರ ನಿಂತು ಚೀಲ ಮಾತ್ರ ಉಳಿಯಿತು.

ದೊಡ್ಡವನಿಗೆ ನರಕ್ಕಿಂತ ಆ ಬೆಂಚಿನ ಹೆದರಿಕೆ ಹೆಚ್ಚು. ತಮಾಷೆಯೆಂದರೆ ಅವನಿಗೆ ಈಗ ಅದರ ಮೇಲೆ ನೆಟ್ಟಗೆ ಕೂರಲೂ ಬರುತ್ತಿರಲಿಲ್ಲ.

*

ತಮ್ಮ ಬರುವುದಕ್ಕೆ ಮುಂಚೆಯೇ ಅಂಗಡಿ ತೆಗೆಯುವುದನ್ನು ಅವನು ರೂಢಿ ಮಾಡಿಕೊಂಡಿದ್ದ. ನಡೆಯುವುದನ್ನು ಯಾರೂ ನೋಡಬಾರದು, ನಿಂತಿರುವುದನ್ನು ಮಾತ್ರ ನೋಡಬೇಕು. ಕುರ್ಚಿಗೆ ಒರಗಿ ನಿಂತ ಕ್ಷೌರಿಕನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಅಂಗಡಿ ಉದ್ದಕ್ಕೆ ಇತ್ತು. ಒಂದು ಗೋಡೆಗೆ ಪೂರ್ತಿ ಕನ್ನಡಿ, ಅದರ ಮುಂದೆ ಎರಡು ಕುರ್ಚಿ, ಎದುರು ಗೋಡೆಗೆ ಬೆಂಚು. ಕುರ್ಚಿಗಳ ಬುಡದಲ್ಲಿ ಕಬ್ಬಿಣದ ಪೆಡಲ್. ಒತ್ತುತ್ತಾ ಹೋದರೆ ಗಿರಾಕಿ ಮೇಲೇರುತ್ತಾನೆ, ಕ್ಷೌರಿಕ ಬೆನ್ನು ಬಗ್ಗಿಸಬೇಕಿಲ್ಲ. ದೊಡ್ಡವನು ಎಡಗಾಲಲ್ಲಿ ನಿಂತು ಬಲಗಾಲಲ್ಲಿ ಒತ್ತುತ್ತಿದ್ದವನು. ನೆಂಟ ಬಂದ ಮೇಲೆ ಬಲಗಾಲಲ್ಲಿ ಒತ್ತಿದರೆ ಕಣ್ಣ ಮುಂದೆ ಬಿಳಿ ಕಿಡಿ. ಬಲಗಾಲಲ್ಲಿ ನಿಂತು ಎಡಗಾಲಲ್ಲಿ ಒತ್ತಲು ಹೋದರೆ ಮಂಡಿ ಕುಸಿಯುತ್ತಿತ್ತು. ಹಾಗಾಗಿ ಕುರ್ಚಿ ತಗ್ಗಿನಲ್ಲೇ ಉಳಿಯಿತು. ತಗ್ಗಿನಲ್ಲಿ ಉಳಿದದ್ದರಿಂದ ಅವನು ಇನ್ನಷ್ಟು ಬಗ್ಗಬೇಕಾಯಿತು. ಬಗ್ಗಿದ್ದರಿಂದ ನೆಂಟ ಇನ್ನಷ್ಟು ಕಾಲು ಚಾಚಿದ.

ಚಿಕ್ಕವನು ಬಂದವನೇ ಚಾರ್ಜಿಗೆ ಹಾಕಿದ್ದ ಮಷೀನುಗಳನ್ನು ಬಿಚ್ಚಿಕೊಂಡ. ಅವನದು ಮಷೀನಿನ ಕೈ. ಕತ್ತಿ ಬರುವುದಿಲ್ಲವೆಂದಲ್ಲ, ಅಪ್ಪ ಕಲಿಸಿದ್ದರು. ಆದರೆ ಅಣ್ಣ ಇರುವಾಗ ಅವನು ಅದನ್ನು ಕೇಳಿದವನೂ ಅಲ್ಲ, ಅಣ್ಣ ಕೊಟ್ಟವನೂ ಅಲ್ಲ.

"ಅಣ್ಣ, ನಿನ್ನ ಕುರ್ಚಿ ಪಂಪ್ ಕೆಟ್ಟಿದ್ಯಾ? ಯಾವಾಗ ನೋಡಿದ್ರೂ ನೆಲಕ್ಕೆ ಅಂಟ್ಕೊಂಡಿರುತ್ತೆ."

"ಚೆನ್ನಾಗೇ ಇದೆ."

"ಮತ್ತೆ ಗಿರಾಕಿ ಕಿವಿಯೊಳಗೆ ಇಣುಕಿ ನೋಡೋ ಹಾಗೆ ಬಗ್ಗಿರ್ತೀಯಲ್ಲ?"

ಉತ್ತರ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ದರ್ಜಿ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹಿಂದಿನ ದಿನ ದೊಡ್ಡವನ ಹತ್ತಿರ ಕೂದಲು ಕತ್ತರಿಸಿಕೊಂಡು ಹೋದವನು.

"ಏನು, ಒಂದೇ ದಿನಕ್ಕೆ ಬೆಳೀತಾ?" ಎಂದ ಚಿಕ್ಕವನು.

"ಬೆಳೆದಿದ್ರೆ ಸುಮ್ನಿರ್ತಿದ್ದೆ." ದರ್ಜಿ ಕನ್ನಡಿಯ ಮುಂದೆ ನಿಂತು ಕಿವಿಯ ಮುಂದಿನ ಕೂದಲಿಗೆ ಟೇಪು ಹಿಡಿದ. "ನೋಡಪ್ಪ. ಈ ಕಡೆ ಸೈಡ್‌ಲಾಕು ಇಲ್ಲಿಗೆ ನಿಂತಿದೆ. ಈ ಕಡೆದು ಇಲ್ಲಿಗೆ ಬಂದಿದೆ. ನಾನು ಪ್ಯಾಂಟಿನ ಕಾಲು ಹೀಗೆ ಹೊಲಿದುಕೊಟ್ರೆ ನೀನು ಹಾಕ್ಕೊಳ್ತೀಯ?"

ಚಿಕ್ಕವನು ನಗಲು ಬಾಯಿ ತೆರೆದು ಹಾಗೇ ಮುಚ್ಚಿದ. ಎಡಗಡೆಯದು ಒಂದು ಬೆರಳಿನಷ್ಟು ಕೆಳಗಿತ್ತು.

"ನನಗೊಬ್ಬನಿಗೇ ಆಗಿದ್ರೆ ಕತ್ತು ಓರೆ ಮಾಡ್ಕೊಂಡು ಕೂತಿದ್ದೆ ಅಂದ್ಕೋತಿದ್ದೆ," ದರ್ಜಿಗೆ ಮಾತು ಏರಿತು. "ನಿನ್ನೆ ಇಲ್ಲಿಂದ ಹೋಗ್ತಾ ಬಸ್ಸಲ್ಲಿ ಕಂಡಕ್ಟರ್‌ನ ನೋಡ್ತೀನಿ, ಅವನದೂ ಹೀಗೇ. ಬ್ಯಾಂಕಿಗೆ ಹೋದೆ, ಕ್ಯಾಷಿಯರ್‌ದೂ ಹೀಗೇ. ನಾವು ನಾವೇ ಮುಖ ಮುಖ ನೋಡ್ಕೊಂಡ್ವಿ. ಏನ್ರೀ ಇದು, ನೀವು ಹೊಸದಾಗಿ ಸಂಘ ಕಟ್ಟಿದ್ದೀರಾ? ನಾವೆಲ್ಲ ಅದರ ಸದಸ್ಯರಾ?"

ದೊಡ್ಡವನು ಕನ್ನಡಿ ನೋಡಿದ. ಅವನ ಕಣ್ಣಿಗೆ ದರ್ಜಿಯ ಎರಡೂ ಕಡೆ ಒಂದೇ ಸಮ ಇತ್ತು. ದರ್ಜಿಯ ಹಿಂದೆ ಕನ್ನಡಿಯಲ್ಲಿ ತಾನು ಕಂಡ. ಎಡಭುಜ ತಗ್ಗಿ, ಸೊಂಟ ಒಂದು ಕಡೆ ಹೋಗಿ, ತಲೆ ಆ ಕಡೆಗೇ ಓಲಿ, ಕೊಕ್ಕೆಗೆ ಅವಸರದಲ್ಲಿ ನೇತು ಹಾಕಿದ ಕೋಟಿನ ಹಾಗೆ. ನೋವಿನಿಂದ ಪಾರಾಗಲು ಎಡಕ್ಕೆ ವಾಲುತ್ತಾ ವಾಲುತ್ತಾ ಅದೇ ನೆಟ್ಟಗೆ ಎಂದು ಕಣ್ಣು ಒಪ್ಪಿಕೊಂಡುಬಿಟ್ಟಿತ್ತು. ಊರಿನ ಅರ್ಧ ಗಂಡಸರ ಮುಖದ ಮೇಲೆ ಅವನು ತನ್ನ ಸೊಂಟವನ್ನು ಬರೆದು ಕಳಿಸಿದ್ದ.

"ಕೂತ್ಕೊಳ್ಳಿ, ನಾನು ಸರಿ ಮಾಡ್ತೀನಿ," ಎಂದು ಚಿಕ್ಕವನು ದರ್ಜಿಯನ್ನು ತನ್ನ ಕುರ್ಚಿಗೆ ಕೂರಿಸಿ ಅಣ್ಣನ ಪಕ್ಕ ಬಂದ. ಧ್ವನಿ ತಗ್ಗಿಸಿದ. "ಅಣ್ಣ, ಕಣ್ಣು."

"ಕಣ್ಣಾ?"

"ಕಣ್ಣು ಮಂಜಾಗ್ತಿರಬೇಕು. ಅದಕ್ಕೇ ಅಷ್ಟು ಬಗ್ಗಿ ನೋಡ್ತೀಯ. ಎದುರಿನ ಕನ್ನಡಕದಂಗಡಿಗೆ ಹೋಗಿ ತೋರಿಸ್ಕೊಂಡು ಬಾ. ಅಲ್ಲಿವರೆಗೂ ಕತ್ತಿ ಮುಟ್ಬೇಡ." ಸ್ವಲ್ಪ ತಡೆದು ಸೇರಿಸಿದ. "ಇವತ್ತು ಮಾವ ಬರ್ತಾರೆ."

ಹೇಳುವುದಾದರೆ ಆ ಕ್ಷಣದಲ್ಲೇ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ತಮ್ಮ ತಪ್ಪು ಬಾಗಿಲು ತಟ್ಟುತ್ತಿದ್ದ, ದೊಡ್ಡವನಿಗೆ ಅದು ಒಳ್ಳೆಯದೇ ಆಯಿತು ಅನ್ನಿಸಿತು. ಕಣ್ಣಿನ ಪರೀಕ್ಷೆಯಲ್ಲಿ ಅವನು ಯಾವತ್ತು ಬೇಕಾದರೂ ಪಾಸಾಗುತ್ತಾನೆ.

"ಆಯ್ತು, ಹೋಗಿ ಬರ್ತೀನಿ," ಎಂದ.

ರಸ್ತೆ ದಾಟುವುದೇ ದೊಡ್ಡ ಪ್ರಯಾಣವಾಯಿತು. ಅರ್ಧಕ್ಕೆ ಬಂದಾಗ ಬಲಪಾದ ನೆಲ ಸಿಕ್ಕಿತೋ ಇಲ್ಲವೋ ಹೇಳಲಿಲ್ಲ, ಅವನು ಕೆಳಗೆ ಬಗ್ಗಿ ನೋಡಬೇಕಾಯಿತು. ಸ್ಕೂಟರಿನವನೊಬ್ಬ ಹಾರ್ನ್ ಒತ್ತಿ ಬೈದು ಹೋದ. ಕನ್ನಡಕದಂಗಡಿಯವನು ಅಕ್ಷರಗಳ ಹಲಗೆ ತೋರಿಸಿದ. ದೊಡ್ಡವನು ಕೊನೆಯ ಸಾಲನ್ನು ಓದಿ, ಅದರ ಕೆಳಗೆ ಸಣ್ಣದಾಗಿ ಮುದ್ರಿಸಿದ್ದ ಪ್ರೆಸ್ಸಿನ ಹೆಸರನ್ನೂ ಓದಿದ.

"ನಿಮಗೆ ನಾನು ಕನ್ನಡಕ ಮಾರೋದಲ್ಲ, ನೀವೇ ನನಗೊಂದು ಜೊತೆ ಕಣ್ಣು ಮಾರ್ಬೇಕು," ಎಂದ ಅವನು ಬೇಜಾರಲ್ಲಿ.

ಮರಳಿ ಬಂದಾಗ ರೇಡಿಯೋ ಮಾವ ಆಗಲೇ ದೊಡ್ಡವನ ಕುರ್ಚಿಯಲ್ಲಿ ಕೂತು ಕೊರಳಿಗೆ ತಾವೇ ಬಟ್ಟೆ ಸುತ್ತಿಕೊಂಡಿದ್ದರು. ಖಾಲಿ ಚೀಲ ಬೆಂಚಿನ ಮೇಲೆ, ಅಪ್ಪ ಕೂರುತ್ತಿದ್ದ ಜಾಗದ ಪಕ್ಕದಲ್ಲಿತ್ತು.

"ಬಾರಪ್ಪ ಬಾ! ನಿನ್ನ ತಮ್ಮ ನನಗೆ ಮಷೀನು ಹಾಕ್ತೀನಿ ಅಂತಾನೆ. ನಾನೇನು ಕುರಿಯೇನೋ?"

ಚಿಕ್ಕವನು ಅಣ್ಣನತ್ತ ನೋಡಿದ. "ಕನ್ನಡಕದವನು ಏನಂದ?"

"ಏನೂ ಇಲ್ಲ. ಹದ್ದಿನ ಕಣ್ಣಂತೆ."

"ಹಾಗಾದ್ರೆ ಸೈಡ್‌ಲಾಕು?"

"ಗಮನ ಇರ್ಲಿಲ್ಲ. ಬಿಡು."

ತಮ್ಮನ ಮುಖದಲ್ಲಿ ಏನೋ ಒಂದು ಕೂಡಿ ಕಳೆದು ತಾಳೆಯಾಗದೆ ಉಳಿಯಿತು. ಅವನು ಮತ್ತೆ ದರ್ಜಿಯ ತಲೆಗೆ ತಿರುಗಿದ. ಆದರೆ ಮಷೀನು ಹಚ್ಚಲಿಲ್ಲ. ಕತ್ತರಿಯಲ್ಲೇ, ಸದ್ದು ಮಾಡದೆ, ಕನ್ನಡಿಯಲ್ಲಿ ಅಣ್ಣನನ್ನು ನೋಡುತ್ತಾ ಕೆಲಸ ಮಾಡಿದ.

*

ದೊಡ್ಡವನು ನೊರೆ ಎಬ್ಬಿಸಿದ. ಬ್ರಶ್ಶು ಹಿಡಿದ ಕೈಗೆ ಏನೂ ಆಗಿರಲಿಲ್ಲ, ಅದು ಹಳೆಯ ಕೈಯೇ. ಮಾವನ ಕೆನ್ನೆಗೆ, ಗಲ್ಲಕ್ಕೆ, ಕುತ್ತಿಗೆಗೆ ಬಿಳಿ ಹಚ್ಚಿದ. ಮಡಚಿದ ಕತ್ತಿಯನ್ನು ಬಿಚ್ಚಿ ಚರ್ಮದ ಪಟ್ಟಿಯ ಮೇಲೆ ಆ ಕಡೆ ಈ ಕಡೆ ಎಳೆದ. ಕುರ್ಚಿ ತಗ್ಗಿನಲ್ಲಿತ್ತು. ಪೆಡಲ್ಲಿನ ಕಡೆ ಒಮ್ಮೆ ನೋಡಿ, ಬಗ್ಗಿದ.

ಬಗ್ಗಿದಾಗ ಆ ಸದ್ದು ಕೇಳಿಸಿತು. ಟಿಕ್. ಟಿಕ್. ಮಾವನ ಎದೆಯೊಳಗಿನ ಲೋಹದ ಕವಾಟ ತೆರೆದು ಮುಚ್ಚುವ ಸದ್ದು. ಹತ್ತಿರ ಹೋದವರಿಗೆ ಮಾತ್ರ ಕೇಳುವಂಥದ್ದು.

"ನನ್ನ ಮಗಳು ಏನಂತಾಳೆ ಗೊತ್ತಾ?"

"ಮಾತಾಡ್ಬೇಡಿ ಮಾವ, ಕೆನ್ನೆ ಅಲ್ಲಾಡುತ್ತೆ."

"ಅಲ್ಲಾಡ್ಲಿ ಬಿಡೋ, ಅದು ನನ್ನ ಕೆನ್ನೆ. ಅವಳು ಅಂತಾಳೆ..."

ಬಲಗೆನ್ನೆ ಮುಗಿಯಿತು. ಕತ್ತಿ ಹೋದ ಕಡೆಯೆಲ್ಲ ಗುಲಾಬಿ ಚರ್ಮ ಮೂಡಿತು. ದೊಡ್ಡವನು ಅಂಗೈಯನ್ನು ಮಾವನ ಹಣೆಯ ಮೇಲಿಟ್ಟು ಮುಖವನ್ನು ಮೆಲ್ಲಗೆ ತಿರುಗಿಸಿದ. ಎಡಗೆನ್ನೆಗೆ ಹೋಗಲು ಒಂದು ಹೆಜ್ಜೆ ಇಡಬೇಕು. ಇಟ್ಟ. ಹಲ್ಲುಕಚ್ಚಿ ಇಟ್ಟ. ತಂತಿ ಕಾದಿತು, ಸಿಡಿಯಲಿಲ್ಲ. ಕಂಕುಳಲ್ಲಿ ಬೆವರು ಹರಿಯಿತು. ಎಡಗೆನ್ನೆಯೂ ಮುಗಿಯಿತು. ಉಳಿದದ್ದು ಗಲ್ಲ, ಮೇಲ್ದುಟಿ, ಮತ್ತೆ ಕುತ್ತಿಗೆ.

ಮಾವ ತಲೆಯನ್ನು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದರು. ಗಂಟಲ ಮಣಿ ನೊರೆಯೊಳಗೆ ಏರಿ ಇಳಿಯಿತು. ದವಡೆಯ ಕೆಳಗೆ, ಚರ್ಮದಡಿ, ನಾಡಿಯೊಂದು ಕವಾಟದ ಸದ್ದಿಗೆ ಸರಿಯಾಗಿ ಹಾರುತ್ತಿತ್ತು. ದೊಡ್ಡವನು ಇನ್ನಷ್ಟು ಬಗ್ಗಿ ಕತ್ತಿಯನ್ನು ಅಲ್ಲಿಟ್ಟ.

ಆಗ ನೆಂಟ ಎದ್ದ.

ಸೊಂಟದಲ್ಲಿ ಸುಟ್ಟು, ತೊಡೆಯಲ್ಲಿ ಹರಿದು, ಪಾದದಲ್ಲಿ ಸ್ಫೋಟವಾಯಿತು. ಬಲಮಂಡಿ ತನ್ನ ಪಾಡಿಗೆ ತಾನು ಮಡಚಿಕೊಂಡು ಕುರ್ಚಿಯ ಕಬ್ಬಿಣಕ್ಕೆ ಬಡಿಯಿತು. ಇಡೀ ಕುರ್ಚಿ ಅದುರಿತು. ಕತ್ತಿ ಎಲ್ಲಿದೆ? ಕತ್ತಿ ಅಲ್ಲೇ ಇತ್ತು, ನೊರೆಯ ಮೇಲೆ. ಕೈ ಮರದಂತೆ ನಿಂತಿತ್ತು, ಹೇಗೆ ನಿಂತಿತೋ ಅವನಿಗೇ ಗೊತ್ತಿಲ್ಲ. ಅಲಗಿನ ಕೆಳಗೆ ಬಿಳಿ ನೊರೆ. ಅವನು ಆ ಬಿಳಿಯನ್ನು ನೋಡಿದ. ಕೆಂಪು ಮೂಡುತ್ತದೆಂದು ಕಾದ. ಟಿಕ್. ಬಿಳಿ. ಟಿಕ್. ಬಿಳಿ.

ಕೆಂಪು ಬರಲಿಲ್ಲ.

"ಏನೋ ಅದು, ಕುರ್ಚಿ ಒದೀತೀಯ?" ಕಣ್ಣು ಮುಚ್ಚಿಕೊಂಡೇ ಮಾವ ಕೇಳಿದರು. ಗಂಟಲ ಮಣಿ ಅಲಗಿನ ಕೆಳಗೆ ಸರಿದಾಡಿತು.

ದೊಡ್ಡವನು ಕತ್ತಿಯನ್ನು ಗಾಳಿಗೆ ಎತ್ತಿದ. ಎಡಗೈಯಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತ. ಬಲಪಾದ ಹತ್ತಿಯಾಗಿತ್ತು. ಕೆಲಸ ಇನ್ನೆಷ್ಟು ಉಳಿದಿದೆ? ಗಲ್ಲ, ಮೇಲ್ದುಟಿ, ಅಂಗೈಯಗಲ ಕುತ್ತಿಗೆ. ಸಿಡಿದ ಮೇಲೆ ಸ್ವಲ್ಪ ಹೊತ್ತು ನೆಂಟ ಸುಮ್ಮನಿರುತ್ತಾನೆ, ಅದು ಅನುಭವ. ಆ ಸ್ವಲ್ಪ ಹೊತ್ತಿನಲ್ಲಿ ಮುಗಿಸಬಹುದು. ಯಾರಿಗೂ ಗೊತ್ತಾಗುವುದಿಲ್ಲ. ರಕ್ತ ಬಂದಿಲ್ಲ, ಕಟ್ಟಳೆ ಮುರಿದಿಲ್ಲ. ಈ ವಾರ ಕಳೆದರೆ ಮುಂದಿನ ವಾರ. ಹಾಗೆಯೇ ತಾನೇ ಇಲ್ಲಿಯವರೆಗೆ ಬಂದದ್ದು?

ಅವನು ಮತ್ತೆ ಬಗ್ಗಿದ. ಕತ್ತಿ ಚರ್ಮದ ಹತ್ತಿರ ಹೋಯಿತು. ಅಲಗಿನ ತುದಿ ಸಣ್ಣಗೆ, ಕೂದಲೆಳೆಯಷ್ಟು, ನಡುಗುತ್ತಿರುವುದು ಕಂಡಿತು. ಹದ್ದಿನ ಕಣ್ಣಲ್ಲವೇ.

"ಚಿಕ್ಕಾ."

ಧ್ವನಿ ತನ್ನದಲ್ಲವೆನ್ನುವಂತೆ ಹೊರಬಂತು. ಕತ್ತರಿಯ ಸದ್ದು ನಿಂತಿತು. ಬಹುಶಃ ಅದು ಮೊದಲೇ ನಿಂತಿತ್ತು.

"ಕತ್ತಿ ತಗೋ."

ಚಿಕ್ಕವನು ಒಂದೇ ನೆಗೆತಕ್ಕೆ ಬಂದ. ಮೊದಲು ನೋಡಿದ್ದು ಮಾವನ ಕುತ್ತಿಗೆಯನ್ನು. "ರಕ್ತ ಬಂತಾ?"

"ಇಲ್ಲ."

"ಮತ್ತೆ?"

"ಬರೋಕೆ ಮುಂಚೆ ತಗೋ."

ಚಿಕ್ಕವನು ಅಣ್ಣನ ಕೈಯಿಂದ ಕತ್ತಿ ತೆಗೆದುಕೊಂಡ. ತೆಗೆದುಕೊಂಡಾಗಲೇ ಅವನಿಗೆ ತಿಳಿದದ್ದು, ಅಣ್ಣನ ಭಾರವೆಲ್ಲ ಇನ್ನೊಂದು ಕೈಯ ಮೇಲಿದೆ, ಆ ಕೈ ಕುರ್ಚಿಯ ಮೇಲಿದೆ, ಕುರ್ಚಿ ಇಲ್ಲದಿದ್ದರೆ ಅಣ್ಣ ನೆಲದ ಮೇಲಿರುತ್ತಾನೆ.

"ಕಾಲು," ಎಂದ ದೊಡ್ಡವನು. "ಕಣ್ಣಲ್ಲ. ಸೊಂಟದಲ್ಲಿ ನರ ಹಿಡ್ಕೊಂಡಿದೆ. ಕಾಲಿಗೆ ಇಳಿಯುತ್ತೆ, ಕರೆಂಟ್ ಹೊಡೆದ ಹಾಗೆ. ಪಾದ ಜೋಮು ಹಿಡಿದಿದೆ."

"ಎಷ್ಟು ದಿನದಿಂದ?"

"ಚಳಿ ಶುರುವಾದಾಗಿನಿಂದ."

"ಅತ್ತಿಗೆಗೆ ಗೊತ್ತಾ?"

ದೊಡ್ಡವನು ಅವಳು ಕಟ್ಟಿದ್ದ ಬೂಟಿನ ದಾರದ ಕಡೆ ನೋಡಿದ. ಅಷ್ಟು ಸಾಕಾಯಿತು. ಚಿಕ್ಕವನ ಮುಖ ಬಿಗಿಯಿತು.

ಕುರ್ಚಿಯಲ್ಲಿ ಮಾವ ಕಣ್ಣು ತೆರೆದಿದ್ದರು. ಅರ್ಧ ನೊರೆ ಹಚ್ಚಿದ ಮುಖದಲ್ಲಿ ಅವು ದೊಡ್ಡದಾಗಿ ಕಂಡವು. "ಅಂದ್ರೆ," ನಿಧಾನವಾಗಿ ಕೇಳಿದರು, "ಇಷ್ಟು ದಿನ ಈ ಕಾಲ ಮೇಲೆ ನಿಂತು ನನ್ನ ಕುತ್ತಿಗೆ ಮೇಲೆ ಕತ್ತಿ ಇಡ್ತಿದ್ಯಾ?"

"ಹೂಂ ಮಾವ."

ರೇಡಿಯೋ ಮಾವ ಮಾತಾಡಲಿಲ್ಲ. ಅವರು ಮಾತಾಡದಿದ್ದುದನ್ನು ಆ ಅಂಗಡಿ ಯಾವತ್ತೂ ಕೇಳಿರಲಿಲ್ಲ. ಎದೆಯ ಟಿಕ್ ಟಿಕ್ ಈಗ ದರ್ಜಿಗೂ ಕೇಳಿಸಿತು. ಅವನು ಅರ್ಧ ಸರಿಯಾದ ತಲೆ ಹೊತ್ತು ಕೂತಲ್ಲೇ ತಿರುಗಿ, ಗಡಿಯಾರ ಎಲ್ಲಿದೆ ಎಂದು ಗೋಡೆಯಲ್ಲಿ ಹುಡುಕಿದ.

"ನಿನ್ನ ಅಪ್ಪ," ಕೊನೆಗೆ ಮಾವ ಹೇಳಿದರು, "ಅವನ ಕೈ ನಡುಗೋದು ನನಗೆ ಮೊದಲೇ ಗೊತ್ತಿತ್ತು ಕಣೋ. ಆ ಗಿರಾಕಿಗೆ ರಕ್ತ ಬರೋಕೆ ಎಷ್ಟೋ ಮುಂಚೆ. ಅವನಾಗಿ ಹೇಳ್ತಾನೆ ಅಂತ ಕಾದೆ." ಅವರು ಹೊದಿಕೆಯ ಬಟ್ಟೆಯಡಿಯಿಂದ ಕೈ ತೆಗೆದು ಕುತ್ತಿಗೆ ಮುಟ್ಟಿ, ಬೆರಳನ್ನು ನೋಡಿಕೊಂಡರು. ನೊರೆ ಮಾತ್ರ. "ಚಿಕ್ಕವನೇ, ಮುಗಿಸು."

"ನಾನಾ? ಮಾವ, ಮಷೀನಲ್ಲಿ ಉಳಿದಿದ್ದನ್ನ..."

"ಅರ್ಧ ರೇಷ್ಮೆ ಅರ್ಧ ಗೋಣಿಚೀಲ ಇಟ್ಕೊಂಡು ಮಗಳ ಮುಂದೆ ಹೋಗ್ಲಾ? ಎಲ್ಲಿಗೆ ಹೋಗಿದ್ದೆ ಅಂತ ಕೇಳಲ್ವಾ ಅವಳು? ಮುಗಿಸು. ಇದೇ ಕೊನೆ ಸಲ, ಮುಂದಿನ ವಾರದಿಂದ ಮಷೀನೇ ಹಾಕು. ಕುರಿ ಅಂದ್ಕೊಂಡೇ ಹಾಕು."

ಚಿಕ್ಕವನು ಕತ್ತಿಯನ್ನು ನೋಡಿದ, ಅಣ್ಣನನ್ನು ನೋಡಿದ. "ನೀನು ಮೊದಲು ಕೂತ್ಕೋ."

"ಕೂರಕ್ಕಾಗಲ್ಲ."

"ನಿಲ್ಲೋಕೂ ಆಗಲ್ಲ, ಕೂರೋಕೂ ಆಗಲ್ಲ. ಮತ್ತೇನು ಮಾಡ್ತೀಯ, ಹಾರ್ತೀಯಾ?"

ಹೆಂಡತಿಯ ಮುಂದೆ ರಾತ್ರಿ ಮಾಡುತ್ತಿದ್ದುದನ್ನೇ ದೊಡ್ಡವನು ಈಗ ಎಲ್ಲರ ಮುಂದೆ ಮಾಡಿದ. ಬೆಂಚು ಹಿಡಿದು ಮಂಡಿಯೂರಿ, ಕತ್ತರಿಸಿ ಬಿದ್ದ ಕೂದಲಿನ ಮೇಲೆಯೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿದ. ದರ್ಜಿ ಎದ್ದು ಬಂದು ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ, ಮೀನಖಂಡ ಬೆಂಚಿನ ಮೇಲೆ ಬರುವಂತೆ, ಮಾವನ ಖಾಲಿ ಚೀಲದ ಪಕ್ಕ ಇಟ್ಟ. ಸೊಂಟ ನೆಲಕ್ಕೆ ಅಂಟಿತು. ತಂತಿ ಸಡಿಲಾಯಿತು. ಪೂರ್ತಿ ಅಲ್ಲ, ಉಸಿರಾಡುವಷ್ಟು. ಬೆಳಿಗ್ಗೆಯಿಂದ ಮೊದಲ ಸಲ ಅವನ ದವಡೆ ತೆರೆದುಕೊಂಡಿತು.

ನೆಲದಿಂದ ನೋಡಿದರೆ ಅಂಗಡಿ ಬೇರೆಯೇ ಇತ್ತು. ಕುರ್ಚಿಯ ಹೊಟ್ಟೆ, ಎಣ್ಣೆಯ ಕಲೆ, ಪೆಡಲ್. ಚಿಕ್ಕವನ ಬೂಟು ಬಂದು ಆ ಪೆಡಲ್ಲಿನ ಮೇಲೆ ನಿಂತಿತು. ಒತ್ತಿತು. ಮತ್ತೆ ಒತ್ತಿತು. ರೇಡಿಯೋ ಮಾವ ಮೇಲಕ್ಕೆ, ಮೇಲಕ್ಕೆ ಏರಿದರು.

"ಇಷ್ಟೇ ತಾನೇ ಇದ್ದದ್ದು," ಚಿಕ್ಕವನ ಧ್ವನಿ ಮೇಲಿನಿಂದ ಬಂತು. ಅದರಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಇನ್ನೇನೋ. "ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. 'ಲೇ, ಬಂದು ಇದನ್ನ ಒತ್ತೋ' ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ದೊಡ್ಡವನು ಬೆಂಚಿನ ಅಡಿಭಾಗವನ್ನು ನೋಡುತ್ತಾ ಮಲಗಿದ್ದ. ಅಲ್ಲಿ ಹಲಗೆಯ ಮೇಲೆ ಬೆರಳ ಗುರುತುಗಳು ಕಪ್ಪಾಗಿ ಕೂತಿದ್ದವು, ಯಾರೋ ದಿನವೂ ಅಂಚನ್ನು ಗಟ್ಟಿಯಾಗಿ ಹಿಡಿದು ಹಿಡಿದು ಸವೆಸಿದಂತೆ. ಅಪ್ಪ ಅಲ್ಲಿ ಸುಮ್ಮನೆ ಕೂತಿದ್ದರು ಎಂದೇ ಅವನು ಇಷ್ಟು ವರ್ಷ ಅಂದುಕೊಂಡಿದ್ದ.

ಕತ್ತಿ ಚರ್ಮಕ್ಕೆ ತಗುಲಿತು. ಅವನಿಗೆ ಕಾಣಲಿಲ್ಲ, ಕೇಳಿಸಿತು. ಕರಕ್ ಕರಕ್ ಎಂದಿತು.

"ಅಲಗು ಎದ್ದಿದೆ. ಮಲಗಿಸು."

"ನೀನು ನೋಡ್ತಿಲ್ವಲ್ಲ?"

"ಕೇಳಿಸ್ತಿದೆ. ಇನ್ನೂ ಮಲಗಿಸು. ಎಡಗೈಯಲ್ಲಿ ಚರ್ಮ ಎಳೆದು ಹಿಡ್ಕೋ. ಮಾವ, ನೀವು ಬಾಯಿ ಬಿಡ್ಬೇಡಿ."

ಮಾವ ಬಾಯಿ ಬಿಡಲಿಲ್ಲ. ಸದ್ದು ಬದಲಾಯಿತು. ರೇಷ್ಮೆ ಹರಿದ ಹಾಗೆ, ಸ್ಸ್. ನಿಂತಿತು. ಮತ್ತೆ ಸ್ಸ್. ನಡುನಡುವೆ ಟಿಕ್. ದರ್ಜಿ ಟೇಪನ್ನು ಎರಡು ಕೈಯಲ್ಲಿ ಎಳೆದು ಹಿಡಿದು ನಿಂತಿದ್ದ, ತಾನೇ ಕೊಯ್ಯಿಸಿಕೊಳ್ಳುತ್ತಿರುವವನಂತೆ. ಒಂದು ಸಲ ಕತ್ತಿ ತೀರಾ ಹೊತ್ತು ನಿಂತುಬಿಟ್ಟಿತು. ದೊಡ್ಡವನು ಕೂದಲ ನೆಲಕ್ಕೆ ಅಂಗೈ ಒತ್ತಿದ. ಕೇಳಲಿಲ್ಲ. ಕೇಳಿದರೆ ತಮ್ಮನ ಕೈ ಅಲುಗುತ್ತದೆ. ಒಂದು ತೊಟ್ಟು ನೊರೆ ಚಿಕ್ಕವನ ಕಾಲ ಹತ್ತಿರ ಬಿತ್ತು. ಅವನು ಕತ್ತು ತಿರುಗಿಸಿ ಅದರ ಬಣ್ಣ ನೋಡಿದ.

ಬಿಳಿ.

ಕತ್ತಿ ಮಡಚಿಕೊಂಡ ಸದ್ದು ಬಂತು. ಆಮೇಲೆ ಚಿಕ್ಕವನು ಉಸಿರು ಬಿಟ್ಟದ್ದು.

"ಆಯ್ತಾ?" ಎಂದ ದೊಡ್ಡವನು.

"ಆಯ್ತು. ಸೈಡ್‌ಲಾಕೂ ಸರಿ ಮಾಡ್ದೆ. ಹೋದ ವಾರ ನೀನು ಮಾಡಿ ಕಳಿಸಿದ್ದು."

ಮಾವ ಎತ್ತರದ ಕುರ್ಚಿಯಿಂದ ಬದಿಗೆ ಬಗ್ಗಿ ತಮ್ಮ ಮುಖವನ್ನು ನೆಲದಲ್ಲಿ ಮಲಗಿದ್ದವನಿಗೆ ತೋರಿಸಿದರು. ಮುಖ ತಲೆಕೆಳಗಾಗಿ ಕಂಡಿತು. ಹೊಳೆಯುವ ಕೆನ್ನೆ, ಗೀರಿಲ್ಲದ ಕುತ್ತಿಗೆ.

"ನೋಡಪ್ಪ ದೊಡ್ಡವನೇ. ಎರಡು ಕಡೆನೂ ಸಮ ಇದ್ಯಾ?"

ದೊಡ್ಡವನು ನೋಡಿದ. ಅವನ ಕಣ್ಣಿಗೆ ಬಲಗಡೆಯದು ಒಂದು ಬೆರಳಿನಷ್ಟು ಕೆಳಗಿತ್ತು. ಖಂಡಿತ ಕೆಳಗಿತ್ತು. ಅವನು ಬಾಯಿ ತೆರೆದು, ತಮ್ಮನ ಕಡೆ ನೋಡಿದ.

"ನಿನಗೆ ಹೇಗೆ ಕಾಣುತ್ತೆ?"

"ಸಮ ಇದೆ," ಎಂದ ಚಿಕ್ಕವನು.

"ಹಾಗಾದ್ರೆ ಸಮ."

ಚಿಕ್ಕವನು ಕತ್ತಿಯನ್ನು ಒರೆಸಿದ. ಎಲ್ಲಿಡಬೇಕೆಂದು ಒಂದು ಕ್ಷಣ ತಿಳಿಯದೆ ಎರಡು ಕುರ್ಚಿಗಳ ನಡುವಿನ ಹಲಗೆಯ ಮೇಲೆ ಇಟ್ಟ. ಆಮೇಲೆ ಫೋನು ತೆಗೆದ.

"ಯಾರಿಗೆ?" ನೆಲದಿಂದ ಧ್ವನಿ ಬಂತು.

"ಅತ್ತಿಗೆಗೆ. ಬೈಬೇಕು." ಅವನು ಫೋನನ್ನು ಕಿವಿಗೆ ಹಿಡಿದು ಕಾಯುತ್ತಾ, ಬೂಟಿನ ತುದಿಯಿಂದ ಅಣ್ಣನ ಬಲಗಾಲನ್ನು ಬೆಂಚಿನ ಮೇಲೆ ಮೆಲ್ಲಗೆ ಒಳಕ್ಕೆ ಸರಿಸಿದ, ಜಾರದ ಹಾಗೆ.